ಯಕೃತ್ತಿನ ಅರ್ಬುದವೂ ರಕ್ತದ ಕಾಲುವೆಗಳೂ

ಶರೀರದ ಅವಯವಗಳಲ್ಲಿ ಕೆಲವು ಸಣ್ಣ ತೊಂದರೆಗೂ ಕೂಗಿಕೊಳ್ಳತಕ್ಕವು. ಕೆಲವು ದೊಡ್ಡ ಕಷ್ಟವನ್ನೂ ಮೌನವಾಗಿ ಸಹಿಸತಕ್ಕವು. ಹಲ್ಲಿಗೆ ಹುಳುಕು ಹತ್ತಿದರೆ ಮನೆಮಂದಿಯ ನಿದ್ರೆಯೆಲ್ಲ ಕೆಡುವುದು. ಕಣ್ಣಿಗೆ ಧೂಳಿನ ಕಣವೊಂದು ಬಿದ್ದರೆ ಕೈಯಲ್ಲಿದ್ದ ಕೆಲಸ ಅಲ್ಲಿಯೇ ನಿಲ್ಲುವುದು. ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿ ಕುಳಿತಿರುವ ಯಕೃತ್ತಿನ ಸ್ವಭಾವ ಇದಕ್ಕೆ ತೀರ ವಿರುದ್ಧವಾದುದು. ಕೆಲವರು ಈಲಿಯೆಂದೂ ಕೆಲವರು ಲಿವರ್ ಎಂದೂ ಕರೆಯುವ ಈ ಅವಯವದ ಒಳಗಡೆ ನೋವನ್ನು ತಿಳಿಸತಕ್ಕ ನರಗಳಿಲ್ಲ. ಅದರ ಹೊರಪೊರೆ ಬಿಗಿದಾಗ ಮಾತ್ರ ನೋವು ತೋರುವುದು. ಅದಲ್ಲದೆ, ತನ್ನಲ್ಲಿ ಬಹುಭಾಗ ಕೆಟ್ಟುಹೋದರೂ ಉಳಿದ ಭಾಗದಿಂದಲೇ ಸಂಸಾರವನ್ನು ಸಾಗಿಸುವ ಶಕ್ತಿ ಅದಕ್ಕುಂಟು. ಈ ಸಹನೆಯೇ ಒಮ್ಮೊಮ್ಮೆ ಮನುಷ್ಯನಿಗೆ ಮುಳುವಾಗುವುದು.

ಜನರು ಕ್ಯಾನ್ಸರ್ ಎಂದು ಕರೆಯುವ ಅರ್ಬುದ ರೋಗವು ಯಕೃತ್ತಿನಲ್ಲಿಯೇ ಹುಟ್ಟಿದಾಗ ಆಗುವ ಹಾನಿಯನ್ನು ಎರಡು ಅಂಕಿಗಳಿಂದ ತಿಳಿಯಬಹುದು. ೨೦೨೨ನೆಯ ಇಸವಿಯ ಲೆಕ್ಕದಂತೆ ಆ ಒಂದು ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು ೮ ಲಕ್ಷ ೬೬ ಸಾವಿರ ಜನರಿಗೆ ಈ ರೋಗ ಹೊಸದಾಗಿ ಕಂಡುಬಂದಿತು. ಅದೇ ವರ್ಷ ಇದರಿಂದ ತೀರಿಕೊಂಡವರು ಸುಮಾರು ೭ ಲಕ್ಷ ೫೮ ಸಾವಿರ ಜನ. ರೋಗ ಬಂದವರ ಲೆಕ್ಕಕ್ಕೂ ಮಡಿದವರ ಲೆಕ್ಕಕ್ಕೂ ಇಷ್ಟು ಕಡಮೆ ಅಂತರವಿರುವುದಕ್ಕೆ ಮುಖ್ಯವಾದ ಕಾರಣವೇನೆಂದರೆ, ಬಹುಮಂದಿಯಲ್ಲಿ ಅದು ಪತ್ತೆಯಾಗುವುದು ಕಾಲ ಮೀರಿದ ಮೇಲೆ. ಮಂಗೋಲಿಯಾ, ಚೀನಾ ಮೊದಲಾದ ದೇಶಗಳಿಗೆ ಹೋಲಿಸಿದರೆ ನಮ್ಮ ದೇಶದಲ್ಲಿ ಈ ರೋಗದ ಪ್ರಮಾಣ ಕಡಮೆಯೆಂಬುದು ನಿಜ. ಆದರೆ ನಮ್ಮ ಜನಸಂಖ್ಯೆ ದೊಡ್ಡದು. ಬಂದ ಮನೆಗೆ ಪ್ರಮಾಣದ ಮಾತು ಸಮಾಧಾನ ಕೊಡಲಾರದು.

೨೦೦೭ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರೆಯಾದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳ ಗೃಹಸ್ಥರಿಗೆ ಈ ವಿಷಯವನ್ನು ತಿಳಿಸುವುದಕ್ಕೆ ದೂರದ ಉಪಮಾನಗಳು ಬೇಕಿಲ್ಲ. ಅರ್ಕಾವತಿ, ಕಣ್ವಗಳ ನೀರನ್ನು ನಂಬಿ, ನಾಲೆ ಬಾವಿಗಳ ಲೆಕ್ಕವನ್ನು ತಲೆಮಾರಿನಿಂದ ತಲೆಮಾರಿಗೆ ಕಲಿತು ಬಂದವರಿಗೆ, ನೀರು ಎಲ್ಲಿಂದ ಬರುವುದು, ಎಲ್ಲಿಗೆ ಹೋಗುವುದು, ನಡುವೆ ಅದನ್ನು ತಿರುಗಿಸಿಕೊಳ್ಳುವವನು ಯಾರು ಎಂಬ ಪ್ರಶ್ನೆಗಳು ಹೊಸವಲ್ಲ. ಯಕೃತ್ತಿನ ಅರ್ಬುದದ ಕಥೆಯೂ ಬಹುಮಟ್ಟಿಗೆ ನೀರಾವರಿಯ ಕಥೆಯೇ.

ಎರಡು ಮೂಲಗಳ ನೀರು

ಸ್ವಸ್ಥನಾದ ದೊಡ್ಡವನ ಯಕೃತ್ತು ಸುಮಾರು ಒಂದೂವರೆ ಕಿಲೋಗ್ರಾಂ ತೂಗುವುದು. ಅದರ ಮೂಲಕ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರು ರಕ್ತ ಹರಿಯುತ್ತದೆ. ಎಂದರೆ, ಹೃದಯವು ಹೊರಕ್ಕೆ ತಳ್ಳುವ ರಕ್ತದಲ್ಲಿ ಹೆಚ್ಚು ಕಡಮೆ ಕಾಲು ಭಾಗ. ಉಳಿದ ಅವಯವಗಳಿಗೆ ಸಾಮಾನ್ಯವಾಗಿ ಧಮನಿಯೊಂದರಿಂದಲೇ ರಕ್ತ ಬರುವುದು. ಯಕೃತ್ತಿಗಾದರೋ ಎರಡು ಮೂಲಗಳುಂಟು. ಜಠರ, ಕರುಳು, ಗುಲ್ಮಗಳಿಂದ ಹೊರಟ ರಕ್ತವೆಲ್ಲ ದ್ವಾರಸಿರೆಯೆಂಬ ಒಂದು ದೊಡ್ಡ ನಾಳದಲ್ಲಿ ಕೂಡಿ ಯಕೃತ್ತನ್ನು ಸೇರುವುದು. ಬರುವ ರಕ್ತದಲ್ಲಿ ಮುಕ್ಕಾಲು ಪಾಲು ಇದು. ಉಂಡ ಅನ್ನದ ಸಾರವೂ, ಕುಡಿದ ಮದ್ದೂ, ಸೇವಿಸಿದ ವಿಷವೂ ಈ ಮಾರ್ಗವಾಗಿಯೇ ಬರತಕ್ಕವು. ಮಿಕ್ಕ ಕಾಲು ಪಾಲು ಹೃದಯದಿಂದ ಯಕೃತ್ತಿನ ಧಮನಿಯ ಮೂಲಕ ಬರುವುದು. ಇದು ಕಡಮೆಯಾದರೂ ಆಮ್ಲಜನಕದಿಂದ ತುಂಬಿರುವುದರಿಂದ, ಯಕೃತ್ತಿಗೆ ಬೇಕಾದ ಆಮ್ಲಜನಕದಲ್ಲಿ ಸುಮಾರು ಅರ್ಧವನ್ನು ಇದೇ ಒದಗಿಸುವುದು.

ಚನ್ನಪಟ್ಟಣದ ಕಡೆ ಕಣ್ವ ಜಲಾಶಯದ ನಾಲೆಯ ಬಯಲಿನಲ್ಲಿ ಒಂದು ತೋಟವಿದೆಯೆಂದು ಭಾವಿಸೋಣ. ನಾಲೆಯಿಂದ ಗೋಡು ಮಣ್ಣಿನ ಸಾರವನ್ನು ಹೊತ್ತ ನೀರು ಹೇರಳವಾಗಿ ಬರುವುದು. ಜೊತೆಗೆ ತೋಟದ ಬಾವಿಯಿಂದ ಸ್ವಲ್ಪವಾದರೂ ತಿಳಿಯಾದ ನೀರು ಬರುವುದು. ಎರಡೂ ಪಾತಿಪಾತಿಗೆ ಹರಿದು, ಕೊನೆಗೆ ಒಂದೇ ಬಸಿಗಾಲುವೆಯಲ್ಲಿ ಹೊರಗೆ ಹೋಗುವುವು. ದ್ವಾರಸಿರೆ ಆ ನಾಲೆ, ಧಮನಿ ಆ ಬಾವಿ, ಯಕೃತ್ತಿನಿಂದ ಹೃದಯದ ಕಡೆಗೆ ಹೊರಡುವ ಸಿರೆಗಳು ಆ ಬಸಿಗಾಲುವೆ.

ಪಾತಿಗಳ ನಡುವಣ ಸೂಕ್ಷ್ಮನಾಳಗಳ ರಚನೆಯೂ ವಿಚಿತ್ರವಾದುದು. ರಾಮನಗರದ ನೂಲು ಬಿಚ್ಚುವ ಕೆಲಸಗಾರರ ಕೈಯಲ್ಲಿ ರೇಷ್ಮೆಗೂಡಿನಿಂದ ಹೊರಬರುವ ಒಂಟಿ ಎಳೆ ಎಷ್ಟು ತೆಳುವೋ, ಈ ನಾಳಗಳೂ ಹೆಚ್ಚು ಕಡಮೆ ಅಷ್ಟೇ ತೆಳುವಾದವು. ಬೇರೆ ಅವಯವಗಳ ಸೂಕ್ಷ್ಮನಾಳಗಳ ಗೋಡೆ ಮುಚ್ಚಿದ ಕೊಳವೆಯಂತಿದ್ದರೆ, ಇವುಗಳ ಗೋಡೆ ಜರಡಿಯಂತೆ ರಂಧ್ರಗಳಿಂದ ಕೂಡಿದೆ. ರಕ್ತದ ಸಾರವು ಈ ರಂಧ್ರಗಳ ಮೂಲಕ ಯಕೃತ್ತಿನ ಜೀವಕೋಶಗಳಿಗೆ ತಡೆಯಿಲ್ಲದೆ ಮುಟ್ಟುವುದು. ನಾಲೆಯ ನೀರು ಕಡಮೆಯಾದರೆ ಬಾವಿಯ ನೀರು ಹೆಚ್ಚುವ ಏರ್ಪಾಡೂ ಉಂಟು: ದ್ವಾರಸಿರೆಯ ಹರಿವು ತಗ್ಗಿದಾಗ ಧಮನಿ ತಾನಾಗಿ ಹಿಗ್ಗಿ ಕೊರತೆಯನ್ನು ಕೆಲಮಟ್ಟಿಗೆ ತುಂಬಿಕೊಡುವುದು. ಎರಡು ನೀರುಗಳ ಈ ಹೊಂದಾಣಿಕೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವುದೆಲ್ಲ ಇದು ಕೆಡುವ ಬಗೆಯನ್ನು ಕುರಿತದ್ದು.

ಗಂಟುಗಟ್ಟಿದ ಯಕೃತ್ತು

ಹತ್ತು ಜನ ಯಕೃತ್ತಿನ ಅರ್ಬುದ ರೋಗಿಗಳಲ್ಲಿ ಎಂಟು ಒಂಬತ್ತು ಜನರಿಗೆ ಮೊದಲೇ ಯಕೃತ್ತು ಕೆಟ್ಟು ಗಂಟುಗಟ್ಟಿರುವುದು. ಇದನ್ನು ವೈದ್ಯರು ಸಿರೋಸಿಸ್ ಎನ್ನುವರು. ಹೆಪಟೈಟಿಸ್ ಬಿ ಮತ್ತು ಸಿ ಎಂಬ ವೈರಸ್ಸುಗಳು, ಮದ್ಯಪಾನ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನಿಂದ ಯಕೃತ್ತಿನಲ್ಲಿ ಸೇರುವ ಕೊಬ್ಬು, ಇವು ಅದಕ್ಕೆ ಮುಖ್ಯವಾದ ಕಾರಣಗಳು. ಕಾರಣ ಯಾವುದಾದರೂ ಪರಿಣಾಮ ಒಂದೇ ಬಗೆಯದು. ಜೀವಕೋಶಗಳು ಸಾಯುತ್ತ, ಹೊಸವು ಹುಟ್ಟುತ್ತ, ಸತ್ತ ಸ್ಥಳದಲ್ಲಿ ಗಾಯದ ಕಲೆಯಂತಹ ನಾರು ಬೆಳೆಯುತ್ತ ಹತ್ತಾರು ವರ್ಷಗಳು ಕಳೆಯುವುವು. ನಾರಿನ ಬದುಗಳ ನಡುವೆ ಹೊಸ ಕೋಶಗಳು ಗುಂಪುಗೂಡಿ ಗಂಟುಗಂಟಾಗುವುವು. ಜರಡಿಯಂತಿದ್ದ ನಾಳಗಳ ರಂಧ್ರಗಳು ಮುಚ್ಚಿ, ಗೋಡೆ ದಪ್ಪವಾಗಿ, ಅವು ಸಾಮಾನ್ಯ ಕೊಳವೆಗಳಂತಾಗುವುವು.

ಆಗ ದ್ವಾರಸಿರೆಯ ರಕ್ತಕ್ಕೆ ದಾರಿ ಸಾಲದೆ ಒತ್ತಡ ಏರುವುದು. ತೂಬು ಮುಚ್ಚಿದ ಕೆರೆ ಕೋಡಿ ಬೀಳುವಂತೆ, ಆ ರಕ್ತವು ಅನ್ನನಾಳದ ಕೆಳಭಾಗದ ಸಣ್ಣ ಸಿರೆಗಳನ್ನು ಹಿಗ್ಗಿಸಿಕೊಂಡು ಅಡ್ಡದಾರಿ ಹಿಡಿಯುವುದು. ಇಂತಹ ಸಿರೆ ಒಡೆದರೆ ರಕ್ತದ ವಾಂತಿಯಾಗುವುದು, ಅಥವಾ ಮಲವು ಡಾಮರಿನಂತೆ ಕಪ್ಪಾಗುವುದು. ಹೊಟ್ಟೆಯಲ್ಲಿ ನೀರು ಸೇರುವುದನ್ನು ನಮ್ಮ ಹಿರಿಯರು ಜಲೋದರವೆಂದು ಬಲ್ಲವರೇ ಆಗಿದ್ದರು. ಈ ಚಿಹ್ನೆಗಳು ಕಂಡ ಮನೆಯಲ್ಲಿ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ಗೆಡ್ಡೆ ತನ್ನ ಕಾಲುವೆಯನ್ನು ತೋಡಿಕೊಳ್ಳುವುದು

ಗಂಟುಗಟ್ಟಿದ ಯಕೃತ್ತಿನಲ್ಲಿ ಅರ್ಬುದವು ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಸಾಮಾನ್ಯವಾದ ಗಂಟು ಮೊದಲು ಸ್ವಲ್ಪ ವಿಕಾರಗೊಂಡು, ಬಳಿಕ ಹೆಚ್ಚು ವಿಕಾರಗೊಂಡು, ಅನಂತರ ಮೊಳಕೆಯ ಅರ್ಬುದವಾಗಿ, ಕೊನೆಗೆ ಬಲಿತ ಅರ್ಬುದವಾಗುವುದು ರೂಢಿ. ಈ ಮೆಟ್ಟಿಲುಗಳಲ್ಲಿ ಕೋಶಗಳ ಸ್ವಭಾವ ಬದಲಾಗುವಂತೆ ಅವುಗಳಿಗೆ ಬರುವ ರಕ್ತದ ದಾರಿಯೂ ಬದಲಾಗುವುದು. ಜಪಾನಿನ ಕನಜಾವ ವಿಶ್ವವಿದ್ಯಾನಿಲಯದ ಒಸಾಮು ಮತ್ಸುಯಿ ಮತ್ತು ಅವರ ಸಂಗಡಿಗರು ಧಮನಿಯ ಮಾರ್ಗವನ್ನೂ ದ್ವಾರಸಿರೆಯ ಮಾರ್ಗವನ್ನೂ ಬೇರೆಬೇರೆಯಾಗಿ ಚಿತ್ರಿಸಿ, ೧೯೯೧ರಲ್ಲಿ ಈ ಬದಲಾವಣೆಯನ್ನು ಲೋಕಕ್ಕೆ ಸ್ಪಷ್ಟಪಡಿಸಿದರು.

ಮೊದಲ ಮೆಟ್ಟಿಲಿನ ಗಂಟಿಗೆ ನಾಲೆಯ ನೀರೂ ಬಾವಿಯ ನೀರೂ ಎಂದಿನಂತೆ ಬರುವುವು. ವಿಕಾರ ಹೆಚ್ಚಿದಂತೆ ಗಂಟಿನೊಳಗಿನ ಹಳೆಯ ನಾಳಗಳು ಒಂದೊಂದಾಗಿ ಇಲ್ಲವಾಗುವುವು. ದ್ವಾರಸಿರೆಯ ಕವಲುಗಳೂ ಕಡಮೆಯಾಗುವುವು, ಮೂಲದ ಧಮನಿಯ ಕವಲುಗಳೂ ಕಡಮೆಯಾಗುವುವು. ಇದೇ ಕಾಲದಲ್ಲಿ ಹೊಸ ಧಮನಿಗಳು ಹುಟ್ಟತೊಡಗುವುವು. ಇವುಗಳನ್ನು ಗುರುತಿಸುವುದು ಹೇಗೆಂದರೆ, ಸ್ವಸ್ಥವಾದ ಯಕೃತ್ತಿನಲ್ಲಿ ಸಣ್ಣ ಧಮನಿಯು ಎಂದೂ ಒಂಟಿಯಾಗಿ ಹೋಗುವುದಿಲ್ಲ. ದ್ವಾರಸಿರೆಯ ಒಂದು ಕವಲೂ ಪಿತ್ತನಾಳವೊಂದೂ ಅದರ ಜೊತೆಗಿರುವುವು. ಹೊಸ ಧಮನಿಗಳಿಗೆ ಈ ಸಂಗಾತಿಗಳಿಲ್ಲ. ಸೂಕ್ಷ್ಮದರ್ಶಕದಲ್ಲಿ ಇಂತಹ ಒಂಟಿ ಧಮನಿಗಳು ಹೆಚ್ಚಾಗಿ ಕಂಡರೆ ಗಂಟು ಕೆಟ್ಟ ದಾರಿ ಹಿಡಿದಿದೆಯೆಂದು ಪರೀಕ್ಷಕನು ಶಂಕಿಸುವನು.

ಇಲ್ಲಿ ಒಂದು ಮೋಸದ ಘಟ್ಟವುಂಟು. ಹಳೆಯ ನಾಳಗಳು ಕ್ಷೀಣಿಸಿ ಹೊಸವು ಇನ್ನೂ ಬಲಿಯದಿರುವಾಗ, ಮೊಳಕೆಯ ಅರ್ಬುದಕ್ಕೆ ರಕ್ತವೇ ಕಡಮೆ. ರಕ್ತವನ್ನು ನೋಡಿ ರೋಗವನ್ನು ಹಿಡಿಯುವ ಪರೀಕ್ಷೆಗೆ ಅದು ಆಗ ಸಿಕ್ಕದೆ ತಪ್ಪಿಸಿಕೊಳ್ಳಬಹುದು. ಬಳಿಕ ಗೆಡ್ಡೆ ಬೆಳೆದಂತೆ ಒಂಟಿ ಧಮನಿಗಳು ಬಹಳವಾಗಿ, ದ್ವಾರಸಿರೆಯ ರಕ್ತ ಪೂರ್ತಿಯಾಗಿ ನಿಂತುಹೋಗುವುದು. ಒಮ್ಮೊಮ್ಮೆ ಬಿಳಿಚಿದ ಗಂಟೊಂದರ ಹೊಟ್ಟೆಯಲ್ಲಿ ರಕ್ತ ತುಂಬಿದ ಸಣ್ಣ ಗಂಟು ಕಾಣುವುದು. ಅದು ಬಲಿತ ಅರ್ಬುದದ ಮೊದಲ ತಿರುಳು. ನಾಲೆಯ ತೂಬನ್ನು ಮುಚ್ಚಿ, ಬಾವಿಯಿಂದಲೇ ತನ್ನ ಪಾತಿಗೆ ಕಳ್ಳಗಾಲುವೆ ತೋಡಿಕೊಂಡ ದುರಾಶೆಯ ಪಾಲುದಾರನಂತಾಯಿತು ಅದರ ನಡತೆ.

ನೀರು ಹೊರಗೆ ಹೋಗುವ ದಾರಿಯೂ ಬದಲಾಗುವುದೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಮೊದಲು ಗಂಟಿನ ರಕ್ತವು ಎಲ್ಲದರಂತೆ ಯಕೃತ್ತಿನ ಸಿರೆಗಳಿಗೆ ಹೋಗುತ್ತಿತ್ತು. ಗೆಡ್ಡೆ ಬೆಳೆದು ಆ ಸಿರೆಗಳು ಅದುಮಿಹೋದ ಮೇಲೆ, ರಕ್ತವು ಸುತ್ತಲಿನ ಸೂಕ್ಷ್ಮನಾಳಗಳಿಗೂ, ಕೊನೆಗೆ ಹಿಮ್ಮುಖವಾಗಿ ದ್ವಾರಸಿರೆಯ ಕವಲುಗಳಿಗೂ ಹರಿಯುವುದು. ರಕ್ತದೊಡನೆ ಅರ್ಬುದದ ಕೋಶಗಳೂ ಸಾಗಿ, ನೆರೆಯ ಭಾಗಗಳಲ್ಲಿ ಮರಿಗೆಡ್ಡೆಗಳನ್ನು ಬಿತ್ತುವುವು. ದ್ವಾರಸಿರೆಯೊಳಕ್ಕೇ ಗೆಡ್ಡೆ ಬೆಳೆಯುವುದೂ ಉಂಟು. ಒಂದು ಕಡೆ ಇದ್ದ ರೋಗ ಯಕೃತ್ತಿನ ತುಂಬ ಹರಡುವುದು ಬಹುಮಟ್ಟಿಗೆ ಈ ದಾರಿಯಿಂದಲೇ. ಆದುದರಿಂದ ಗೆಡ್ಡೆ ಸಣ್ಣದಾಗಿರುವಾಗಲೇ ಹಿಡಿಯಬೇಕೆಂದು ವೈದ್ಯರು ಒತ್ತಿ ಹೇಳುವುದು ಬರಿಯ ಬೆದರಿಕೆಯ ಮಾತಲ್ಲ.

ಈ ಹೊಸ ನಾಳಗಳು ಹುಟ್ಟುವುದೇಕೆ? ರಕ್ತನಾಳದಿಂದ ಕೂದಲೆಳೆಯಷ್ಟು ದೂರ ಹೋದ ಕೋಶಕ್ಕೆ ಆಮ್ಲಜನಕ ಸರಿಯಾಗಿ ಮುಟ್ಟುವುದಿಲ್ಲ. ಹೀಗಾಗಿ ಸ್ವಂತ ನಾಳಗಳಿಲ್ಲದ ಗೆಡ್ಡೆ ಒಂದೆರಡು ಮಿಲಿಮೀಟರಿಗಿಂತ ಹೆಚ್ಚು ಬೆಳೆಯಲಾರದು. ಗೆಡ್ಡೆಗಳೇ ನಾಳಗಳನ್ನು ಕರೆಸಿಕೊಳ್ಳುವುವೆಂದೂ, ಆ ಕರೆಯನ್ನು ತಡೆದರೆ ಅವುಗಳನ್ನು ಹಸಿವಿನಿಂದ ಅಡಗಿಸಬಹುದೆಂದೂ ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ ೧೯೭೧ರಲ್ಲಿ ವಾದಿಸಿದಾಗ ನಂಬಿದವರು ಕಡಮೆ. ೧೯೮೯ರಲ್ಲಿ ಆ ಕರೆಯ ಮುಖ್ಯವಾದ ರಾಸಾಯನಿಕ ದೂತವನ್ನು ನೆಪೋಲಿಯೋನ್ ಫೆರಾರಾ ಮತ್ತು ಸಂಗಡಿಗರು ಬೇರ್ಪಡಿಸಿ ತೋರಿಸಿದರು, ಅದಕ್ಕೆ ವಿ.ಇ.ಜಿ.ಎಫ್. ಎಂದು ಹೆಸರು. ಆಮ್ಲಜನಕದ ಕೊರತೆಯನ್ನು ಕೋಶವು ಅರಿಯುವ ಬಗೆಯನ್ನು ಕಂಡುಹಿಡಿದ ಕೇಲಿನ್, ರ‍್ಯಾಟ್‌ಕ್ಲಿಫ್, ಸೆಮೆನ್ಜಾ ಎಂಬ ಮೂವರಿಗೆ ೨೦೧೯ರಲ್ಲಿ ನೊಬೆಲ್ ಬಹುಮಾನ ಬಂದಿತು. ಅವಸರದಲ್ಲಿ ಹುಟ್ಟಿದ ಈ ನಾಳಗಳು ಸೊಟ್ಟಪಟ್ಟವಾಗಿ, ಸೋರುವಂತಹವಾಗಿ ಇರುವುವು. ಆದುದರಿಂದ ಗೆಡ್ಡೆಯ ಕೆಲವು ಭಾಗಗಳಿಗೆ ಮತ್ತೆ ಆಮ್ಲಜನಕ ಸಾಲದಾಗಿ, ಮತ್ತೆ ಕರೆ ಹೊರಡುವುದು.

ವೈದ್ಯನಿಗೆ ಸಿಕ್ಕುವ ಗುರುತು

ಕಳ್ಳನು ಬಿಟ್ಟ ಹೆಜ್ಜೆಯ ಗುರುತಿನಿಂದಲೇ ಅವನನ್ನು ಹಿಡಿಯುವಂತೆ, ಈ ನಾಳಗಳ ಬದಲಾವಣೆಯಿಂದಲೇ ಯಕೃತ್ತಿನ ಅರ್ಬುದವನ್ನು ಹಿಡಿಯುವರು. ಸಿ.ಟಿ. ಸ್ಕ್ಯಾನ್ ಮಾಡುವಾಗ ತೋಳಿನ ಸಿರೆಯೊಳಕ್ಕೆ, ಚಿತ್ರದಲ್ಲಿ ಬೆಳ್ಳಗೆ ಕಾಣತಕ್ಕ ಒಂದು ಮದ್ದನ್ನು ಚುಚ್ಚುವರು. ಸುಮಾರು ಅರ್ಧ ನಿಮಿಷದಲ್ಲಿ ಅದು ಧಮನಿಯ ಮೂಲಕ ಯಕೃತ್ತನ್ನು ಮುಟ್ಟುವುದು. ಗೆಡ್ಡೆಗೆ ಧಮನಿಯೇ ಗತಿಯಾದುದರಿಂದ ಅದು ಆಗ ಥಟ್ಟನೆ ಬೆಳಗುವುದು. ಉಳಿದ ಯಕೃತ್ತಿನ ಮುಕ್ಕಾಲು ರಕ್ತ ಇನ್ನೂ ಕರುಳಿನ ದಾರಿಯಲ್ಲಿರುವುದರಿಂದ ಅದು ಮಂಕಾಗಿಯೇ ಇರುವುದು. ಒಂದು ನಿಮಿಷ ಕಳೆದ ಮೇಲೆ ದ್ವಾರಸಿರೆಯಿಂದ ಮದ್ದು ಬಂದು ಯಕೃತ್ತೆಲ್ಲ ಬೆಳಗುವುದು. ಆಗ ಗೆಡ್ಡೆಯಲ್ಲಿದ್ದ ಮದ್ದು ತೊಳೆದುಹೋಗಿ ಅದು ಮಂಕಾಗಿ ಕಾಣುವುದು. ಮೊದಲು ಬೆಳಗಿ ಆಮೇಲೆ ಮಂಕಾಗುವ ಈ ಲಕ್ಷಣವು ಅಷ್ಟು ನಂಬತಕ್ಕದ್ದಾದುದರಿಂದ, ಸಿರೋಸಿಸ್ ಇರುವವರಲ್ಲಿ ಸೂಜಿಯಿಂದ ಮಾಂಸದ ತುಣುಕು ತೆಗೆಯದೆಯೇ ರೋಗವನ್ನು ನಿಶ್ಚಯಿಸಬಹುದೆಂದು ತಜ್ಞರು ಒಪ್ಪಿರುವರು. ಎಂ.ಆರ್.ಐ. ಸ್ಕ್ಯಾನಿನಲ್ಲಿಯೂ ಇದೇ ನ್ಯಾಯ.

ಆದರೆ ಮೇಲೆ ಹೇಳಿದ ಮೋಸದ ಘಟ್ಟವನ್ನು ಮರೆಯಬಾರದು. ಬಿಳಿಚಿದ ಸಣ್ಣ ಗಂಟು ಒಂದು ಸಲದ ಚಿತ್ರದಲ್ಲಿ ನಿರ್ಣಯವಾಗದಿರಬಹುದು. ಕೆಲವು ತಿಂಗಳು ಬಿಟ್ಟು ಮತ್ತೆ ಬರುವಂತೆ ವೈದ್ಯರು ಹೇಳಿದರೆ, ಏನೂ ಇಲ್ಲವೆಂದು ತಿಳಿದು ಮನೆಯಲ್ಲಿ ಕುಳಿತುಬಿಡಕೂಡದು. ಆ ಗಂಟಿಗೆ ಕಾಲುವೆ ಹುಟ್ಟುವುದೋ ಇಲ್ಲವೋ ಎಂಬುದನ್ನು ಕಾಯುವ ಅವಧಿ ಅದು.

ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸುವುದರಿಂದ ಪ್ರಯೋಜನವುಂಟೆಂಬುದಕ್ಕೆ ಚೀನಾದ ಶಾಂಘೈ ನಗರದ ಅನುಭವವೇ ಸಾಕ್ಷಿ. ಹೆಪಟೈಟಿಸ್ ಬಿ ಸೋಂಕಿದ್ದ ಅಥವಾ ಹಿಂದೆ ಯಕೃತ್ತಿನ ಉರಿಯೂತವಾಗಿದ್ದ ೧೮ ಸಾವಿರಕ್ಕೂ ಹೆಚ್ಚು ಜನರನ್ನು ಎರಡು ಪಂಗಡ ಮಾಡಿ, ಒಂದು ಪಂಗಡಕ್ಕೆ ಅರ್ಧ ವರ್ಷಕ್ಕೊಮ್ಮೆ ರಕ್ತಪರೀಕ್ಷೆಯನ್ನೂ ಸ್ಕ್ಯಾನನ್ನೂ ನಡೆಯಿಸಿದರು. ೨೦೦೪ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಪಂಗಡದಲ್ಲಿ ಈ ರೋಗದ ಮರಣ ಶೇಕಡ ೩೭ರಷ್ಟು ಕಡಮೆಯಾಗಿತ್ತು.

ಕಾಲುವೆಯನ್ನು ಕಟ್ಟುವ ಚಿಕಿತ್ಸೆ

ಗೆಡ್ಡೆ ಸಣ್ಣದಾಗಿ, ಉಳಿದ ಯಕೃತ್ತು ಗಟ್ಟಿಯಾಗಿದ್ದರೆ ಅದನ್ನು ಕತ್ತರಿಸಿ ತೆಗೆಯಬಹುದು. ಎರಡು ಮೂರು ಸೆಂಟಿಮೀಟರಿನೊಳಗಿದ್ದರೆ ಸೂಜಿ ಚುಚ್ಚಿ ಶಾಖದಿಂದ ಸುಡಬಹುದು. ಯಕೃತ್ತೇ ಕೆಟ್ಟಿದ್ದರೆ ಬೇರೆ ಯಕೃತ್ತನ್ನು ಕಸಿ ಮಾಡಬಹುದು. ೧೯೯೬ರಲ್ಲಿ ಇಟಲಿಯ ಮಿಲಾನ್ ನಗರದ ವೈದ್ಯರು ಕಸಿಗೆ ಒಂದು ಮಿತಿ ಹೇಳಿದರು: ಒಂದೇ ಗೆಡ್ಡೆಯಾದರೆ ೫ ಸೆಂಟಿಮೀಟರು ಮೀರಬಾರದು, ಮೂರರವರೆಗೆ ಇದ್ದರೆ ಪ್ರತಿಯೊಂದೂ ೩ ಸೆಂಟಿಮೀಟರು ಮೀರಬಾರದು, ದೊಡ್ಡ ರಕ್ತನಾಳದೊಳಕ್ಕೆ ಗೆಡ್ಡೆ ನುಗ್ಗಿರಬಾರದು. ಈ ಮಿತಿಯೊಳಗಿದ್ದು ಕಸಿ ಪಡೆದವರಲ್ಲಿ ಬಹುಮಂದಿ ಐದು ವರ್ಷಗಳನ್ನು ದಾಟಿ ಬಾಳುವರು.

ಇಷ್ಟು ಬೇಗ ಸಿಕ್ಕದ ರೋಗಕ್ಕೆ ನಾಳಗಳ ಜ್ಞಾನವೇ ಆಯುಧ. ಯಕೃತ್ತಿನ ಗೆಡ್ಡೆಗಳಿಗೆ ರಕ್ತ ಬರುವುದು ಮುಖ್ಯವಾಗಿ ಧಮನಿಯಿಂದಲೇ ಎಂದು ೧೯೫೪ರಲ್ಲಿ ಅಮೆರಿಕದ ಬ್ರೀಡಿಸ್ ಮತ್ತು ಯಂಗ್ ತೋರಿಸಿದ್ದರು. ಹಾಗಾದರೆ ಧಮನಿಯನ್ನು ಕಟ್ಟಿದರೆ ಗೆಡ್ಡೆ ಒಣಗಬೇಕು. ಯಕೃತ್ತಾದರೋ ದ್ವಾರಸಿರೆಯ ರಕ್ತದಿಂದ ಬದುಕಿಕೊಳ್ಳಬೇಕು. ಈ ಯುಕ್ತಿಯನ್ನು ೧೯೭೦ರ ದಶಕದ ಕೊನೆಯಲ್ಲಿ ಜಪಾನಿನ ವೈದ್ಯರು ಬಳಕೆಗೆ ತಂದರು. ತೊಡೆಸಂದಿಯ ಅಥವಾ ಮಣಿಕಟ್ಟಿನ ಧಮನಿಯಿಂದ ಸಣ್ಣ ಕೊಳವೆಯನ್ನು ಗೆಡ್ಡೆಯ ಕವಲಿನವರೆಗೆ ನಡೆಯಿಸಿ, ಔಷಧವನ್ನೂ ನಾಳ ಮುಚ್ಚುವ ಕಣಗಳನ್ನೂ ಅಲ್ಲಿ ಬಿಡುವರು. ಔಷಧವನ್ನು ಬೆರಸುವ ಎಣ್ಣೆ ಅನೇಕ ಸಲ ಅಯೋಡಿನ್ ಕೂಡಿಸಿದ ಗಸಗಸೆಯ ಎಣ್ಣೆ. ಪಾಯಸದ ಗಸಗಸೆಗೆ ಇಂತಹ ಉಪಯೋಗವೂ ಇದೆಯೆಂದರೆ ಗೃಹಿಣಿಯರಿಗೆ ಆಶ್ಚರ್ಯವಾಗಬಹುದು. ಈ ಚಿಕಿತ್ಸೆಯಿಂದ ಆಯುಸ್ಸು ಹೆಚ್ಚುವುದೆಂದು ೨೦೦೨ರಲ್ಲಿ ಬಾರ್ಸಿಲೋನಾ ಮತ್ತು ಹಾಂಗ್‌ಕಾಂಗ್‌ಗಳಲ್ಲಿ ನಡೆದ ಪರೀಕ್ಷೆಗಳು ಸ್ಥಾಪಿಸಿದುವು. ಆದರೆ ದ್ವಾರಸಿರೆಯ ದೊಡ್ಡ ಕವಲು ಗೆಡ್ಡೆಯಿಂದ ಮುಚ್ಚಿಹೋಗಿದ್ದರೆ ವೈದ್ಯರು ಇದಕ್ಕೆ ಹಿಂಜರಿಯುವರು. ನಾಲೆಯೂ ಇಲ್ಲದೆ ಬಾವಿಯೂ ಇಲ್ಲದೆ ತೋಟ ಉಳಿಯುವುದೆಂತು?

ನಾಳಗಳನ್ನು ಕರೆಯುವ ದೂತನನ್ನೇ ತಡೆಯುವ ಔಷಧಗಳೂ ಬಂದಿವೆ. ಅವುಗಳಲ್ಲಿ ಮೊದಲನೆಯದಾದ ಸೊರಾಫೆನಿಬ್ ಎಂಬ ಮಾತ್ರೆಯಿಂದ, ಬಲಿತ ರೋಗದಲ್ಲಿ ೭.೯ ತಿಂಗಳಿದ್ದ ಮಧ್ಯಮ ಆಯುಸ್ಸು ೧೦.೭ ತಿಂಗಳಿಗೆ ಏರಿತೆಂದು ೨೦೦೮ರಲ್ಲಿ ಪ್ರಕಟವಾಯಿತ. ನಮ್ಮ ದೇಶದಲ್ಲಿ ಒಂದು ತಿಂಗಳ ಮಾತ್ರೆಗೆ ಸುಮಾರು ೨ ಲಕ್ಷ ೮೦ ಸಾವಿರ ರೂಪಾಯಿ ಬೆಲೆಯಿತ್ತು. ೨೦೧೨ರ ಮಾರ್ಚಿಯಲ್ಲಿ ಭಾರತದ ಪೇಟೆಂಟ್ ಅಧಿಕಾರಿಯು ಹೈದರಾಬಾದಿನ ನ್ಯಾಟ್ಕೋ ಸಂಸ್ಥೆಗೆ ಇದನ್ನು ತಯಾರಿಸಲು ಕಡ್ಡಾಯ ಪರವಾನಗಿ ಕೊಟ್ಟುದರಿಂದ ಅದು ತಿಂಗಳಿಗೆ ೯ ಸಾವಿರಕ್ಕಿಂತ ಕಡಮೆಗೆ ದೊರೆಯುವಂತಾಯಿತು. ಭಾರತದಲ್ಲಿ ಇಂತಹ ಪರವಾನಗಿ ಕೊಟ್ಟುದು ಅದೇ ಮೊದಲು. ೨೦೨೦ರಲ್ಲಿ, ಆ ದೂತನನ್ನು ತಡೆಯುವ ಬೆವಾಸಿಜುಮಾಬ್ ಔಷಧವನ್ನು ದೇಹದ ರಕ್ಷಣಾಶಕ್ತಿಯನ್ನು ಎಚ್ಚರಿಸುವ ಅಟೆಜೊಲಿಜುಮಾಬ್‌ನೊಡನೆ ಕೊಟ್ಟರೆ ಸೊರಾಫೆನಿಬ್‌ಗಿಂತ ಹೆಚ್ಚು ಫಲವೆಂದು ಕಂಡುಬಂದಿತು. ಮಧ್ಯಮ ಆಯುಸ್ಸು ೧೩.೪ ತಿಂಗಳಿಗೆ ಬದಲಾಗಿ ೧೯.೨ ತಿಂಗಳು. ಈ ಔಷಧಗಳಿಂದ ರಕ್ತಸ್ರಾವವಾಗುವ ಭಯವುಂಟು. ಆದುದರಿಂದ ಅನ್ನನಾಳದ ಹಿಗ್ಗಿದ ಸಿರೆಗಳನ್ನು ಮೊದಲು ಪರೀಕ್ಷಿಸಿ ನೋಡುವರು.

ಗೃಹಸ್ಥರು ಮಾಡತಕ್ಕದ್ದು

ಮೇಲಿನ ಅಂಕಿಗಳನ್ನು ಹೋಲಿಸಿ ನೋಡಿದರೆ ವಾಚಕರಿಗೆ ಒಂದು ಸಂಗತಿ ಹೊಳೆಯದಿರದು. ಬಲಿತ ರೋಗದಲ್ಲಿ ನಾವು ತಿಂಗಳುಗಳನ್ನು ಎಣಿಸುತ್ತೇವೆ. ಸಣ್ಣ ಗೆಡ್ಡೆಯಲ್ಲಿ ವರ್ಷಗಳನ್ನು ಎಣಿಸುತ್ತೇವೆ. ತಡೆಗಟ್ಟಿದಲ್ಲಿ ಎಣಿಕೆಯೇ ಬೇಕಿಲ್ಲ.

ತಡೆಗಟ್ಟುವ ಉಪಾಯಗಳಲ್ಲಿ ಹೆಪಟೈಟಿಸ್ ಬಿ ಲಸಿಕೆಯೇ ಮೊದಲನೆಯದು. ಈ ವೈರಸ್ಸನ್ನು ಕಂಡುಹಿಡಿದ ಬರೂಕ್ ಬ್ಲಂಬರ್ಗ್ ಅವರಿಗೆ ೧೯೭೬ರಲ್ಲಿ ನೊಬೆಲ್ ಬಹುಮಾನ ಬಂದಿತು. ತೈವಾನ್ ದ್ವೀಪದಲ್ಲಿ ೧೯೮೪ರಿಂದ ಶಿಶುಗಳಿಗೆ ಲಸಿಕೆ ಹಾಕಲಾಗಿ, ಮಕ್ಕಳಲ್ಲಿ ಯಕೃತ್ತಿನ ಅರ್ಬುದವು ಹತ್ತು ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ನಮ್ಮ ದೇಶದಲ್ಲಿ ಈ ಲಸಿಕೆ ಕೆಲವೆಡೆ ೨೦೦೨–೦೩ರಲ್ಲಿ ಆರಂಭವಾಗಿ ೨೦೧೧–೧೨ರಲ್ಲಿ ಎಲ್ಲ ರಾಜ್ಯಗಳಿಗೂ ಹಬ್ಬಿತು. ಹುಟ್ಟಿದ ೨೪ ಗಂಟೆಯೊಳಗೆ ಒಂದು ಚುಚ್ಚುಮದ್ದು, ಬಳಿಕ ೬, ೧೦, ೧೪ನೆಯ ವಾರಗಳಲ್ಲಿ ಉಳಿದವು. ಮೊದಲ ದಿನದ್ದು ತಪ್ಪಕೂಡದು. ಏತಕ್ಕೆಂದರೆ ಹುಟ್ಟುವಾಗ ತಾಯಿಯಿಂದ ಸೋಂಕು ತಗಲಿದ ಹತ್ತು ಶಿಶುಗಳಲ್ಲಿ ಒಂಬತ್ತರಲ್ಲಿ ಅದು ಜನ್ಮಪೂರ್ತಿ ನಿಲ್ಲಬಹುದು. ಲಸಿಕೆ ಬರುವ ಮೊದಲು ಹುಟ್ಟಿದ ದೊಡ್ಡವರು ಒಮ್ಮೆ ರಕ್ತಪರೀಕ್ಷೆ ಮಾಡಿಸಿ, ಸೋಂಕಿಲ್ಲದಿದ್ದರೆ ಲಸಿಕೆ ಪಡೆಯಬಹುದು. ೨೦೧೮ರ ಜುಲೈ ೨೮ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ಗಳ ಪರೀಕ್ಷೆಯೂ ಔಷಧವೂ ಉಚಿತ. ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿದರೆ ದಾರಿ ತಿಳಿಯುವುದು. ಸಿ ವೈರಸ್ಸು ಈಗ ಮೂರು ತಿಂಗಳ ಮಾತ್ರೆಗಳಿಂದ ಸಾಮಾನ್ಯವಾಗಿ ಪೂರ್ತಿ ಗುಣವಾಗುವುದು.

ಸೋಂಕಿರುವವರನ್ನು ಮನೆಯಲ್ಲಿ ದೂರ ಕೂರಿಸುವುದು ತಪ್ಪು. ಒಂದೇ ಪಂಕ್ತಿಯಲ್ಲಿ ಉಣ್ಣುವುದರಿಂದಾಗಲಿ, ತಟ್ಟೆ ಲೋಟಗಳಿಂದಾಗಲಿ, ಮಗುವನ್ನು ಎತ್ತಿ ಮುದ್ದಾಡುವುದರಿಂದಾಗಲಿ ಈ ವೈರಸ್ಸುಗಳು ಹರಡವು. ರಕ್ತ ತಗಲಿದ ಸೂಜಿ, ಕ್ಷೌರದ ಬ್ಲೇಡು, ಹಚ್ಚೆಯ ಸೂಜಿ ಇವುಗಳಲ್ಲಿ ಮಾತ್ರ ಎಚ್ಚರಿಕೆ ಬೇಕು; ಬಿ ವೈರಸ್ಸು ದಾಂಪತ್ಯದಲ್ಲಿಯೂ ಹರಡುವುದರಿಂದ ಪತಿ ಅಥವಾ ಪತ್ನಿಗೆ ಲಸಿಕೆ ಹಾಕಿಸಬೇಕು. ಯಕೃತ್ತಿನ ರೋಗವೆಂದರೆ ಕುಡಿತದ ಫಲವೆಂದೇ ಎಣಿಸಿ ಜನ ಆಡಿಕೊಳ್ಳುವುದರಿಂದ, ಹನಿ ಮದ್ಯ ಮುಟ್ಟದ ತಾಯಂದಿರು ಕೂಡ ರೋಗವನ್ನು ಮುಚ್ಚಿಡುವುದುಂಟು. ಆ ನಾಚಿಕೆಯಿಂದ ಕಳೆದುಹೋಗುವುದು ಚಿಕಿತ್ಸೆಯ ಕಾಲ. ಕುಡಿಯುವವರಾದರೋ ನಿಲ್ಲಿಸಿದ ದಿನದಿಂದಲೇ ಯಕೃತ್ತಿಗೆ ಹಿತ.

ಕಾಮಾಲೆಗೆ ಎಲೆಮದ್ದು ಕೊಡುವ ವಾಡಿಕೆಯನ್ನು ಕುರಿತೂ ಎರಡು ಮಾತು ಹೇಳಬೇಕು. ಕಾಮಾಲೆಯಲ್ಲಿ ಕೆಲವು ಬಗೆಗಳು, ಮುಖ್ಯವಾಗಿ ಕಲುಷಿತ ನೀರಿನಿಂದ ಬರುವವು, ವಿಶ್ರಾಂತಿಯಿಂದಲೇ ವಾಸಿಯಾಗತಕ್ಕವು. ಅದರ ಕೀರ್ತಿ ಮದ್ದಿಗೆ ಸಲ್ಲುವುದು. ನೆಲನೆಲ್ಲಿಯಿಂದ ಹೆಪಟೈಟಿಸ್ ಬಿ ಗುಣವಾಗುವುದೆಂದು ೧೯೮೮ರಲ್ಲಿ ಮದರಾಸಿನಿಂದ ಬಂದ ವರದಿ ಬಹಳ ಆಸೆ ಹುಟ್ಟಿಸಿತ್ತು. ಬ್ಲಂಬರ್ಗ್ ಅವರೂ ಅದರಲ್ಲಿ ಭಾಗಿಗಳಾಗಿದ್ದರು. ಮುಂದಿನ ಪರೀಕ್ಷೆಗಳಲ್ಲಿ ಆ ಫಲ ದೊರೆಯಲಿಲ್ಲ. ಕಾಮಾಲೆ ಯಾವ ಬಗೆಯದೆಂದು ರಕ್ತಪರೀಕ್ಷೆಯಿಂದ ತಿಳಿಯದೆ ಮದ್ದನ್ನಾಗಲಿ ಬರೆಯನ್ನಾಗಲಿ ನಂಬಿ ಕೂರಬಾರದು.

ಅಡಿಗೆಮನೆಗೆ ಸೇರಿದ ಎಚ್ಚರಿಕೆಯೊಂದುಂಟು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುವು. ಆ ಬೂಷ್ಟಿನಲ್ಲಿದ್ದ ಅಫ್ಲಾಟಾಕ್ಸಿನ್ ಎಂಬ ವಿಷವು ಮನುಷ್ಯರಲ್ಲಿಯೂ ಯಕೃತ್ತಿನ ಅರ್ಬುದಕ್ಕೆ ಕಾರಣವೆಂದು ಆಮೇಲೆ ತಿಳಿಯಿತು. ಹೆಪಟೈಟಿಸ್ ಬಿ ಇದ್ದವರಿಗೆ ಅದು ಮತ್ತಷ್ಟು ಕೇಡು. ಬಸವನಗುಡಿಯ ಪರಿಷೆಗೆ ಕಡಲೆಕಾಯಿ ಹೊತ್ತು ತರುವ ಮಾಗಡಿ, ಕನಕಪುರಗಳ ಕಡೆಯ ರೈತರು ಕಾಯನ್ನು ಚೆನ್ನಾಗಿ ಒಣಗಿಸಿ, ತೇವ ತಾಕದಂತೆ ಇಡಬೇಕು. ಬೂಷ್ಟು ಹಿಡಿದ, ಬಣ್ಣಗೆಟ್ಟ, ಕಹಿಯಾದ ಬೀಜವನ್ನು ಹುರಿದರೂ ವಿಷ ಪೂರ್ತಿ ಹೋಗದು, ಎಸೆಯುವುದೇ ಲೇಸು. ಮುಸುಕಿನ ಜೋಳಕ್ಕೂ ಇದೇ ಮಾತು.

ಇನ್ನು ಯಾರಿಗೆ ಸಿರೋಸಿಸ್ ಇದೆಯೆಂದು ವೈದ್ಯರು ಹೇಳಿರುವರೋ, ಯಾರಿಗೆ ಹೆಪಟೈಟಿಸ್ ಬಿ ಬಹುಕಾಲದಿಂದ ನಿಂತು ವೈದ್ಯರು ಎಚ್ಚರಿಸಿರುವರೋ, ಅವರು ನೋವಿಲ್ಲದಿದ್ದರೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಬೇಕು. ಗಂಟು ಕಂಡುಬಂದರೆ ಮುಂದಿನ ಪರೀಕ್ಷೆಗೆ ಬೆಂಗಳೂರು ದೂರವಲ್ಲ. ನಾಲ್ಕು ಪಟ್ಟಣಗಳಿಂದಲೂ ಸುಮಾರು ೫೦–೬೦ ಕಿಲೋಮೀಟರಿನ ದಾರಿ. ೧೯೭೩ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಅರ್ಬುದ ಸಂಸ್ಥೆ ಅಲ್ಲಿದೆ. ಬೆಂಗಳೂರಿನ ಅರ್ಬುದ ರೋಗಿಗಳ ದಾಖಲೆಯನ್ನು ೧೯೮೨ರಿಂದ ಬರೆದಿಡುತ್ತಿರುವುದೂ ಆ ಸಂಸ್ಥೆಯೇ. ಹಳೆಯ ಸ್ಕ್ಯಾನಿನ ಚಿತ್ರಗಳನ್ನು ಜೊತೆಗೆ ಒಯ್ಯತಕ್ಕದ್ದು. ಹಿಂದೆ ಇಲ್ಲದ ನಾಳ ಈಗ ಹುಟ್ಟಿದೆಯೇ ಎಂಬುದನ್ನು ವೈದ್ಯರು ಹೋಲಿಸಿ ನೋಡಬೇಕಾಗುವುದು. ರೇಷನ್ ಕಾರ್ಡನ್ನೂ ಆರೋಗ್ಯ ಯೋಜನೆಯ ಕಾರ್ಡನ್ನೂ ಮರೆಯಬಾರದು.

ಆರು ತಿಂಗಳ ಲೆಕ್ಕ ಮರೆತುಹೋಗುವುದೆಂಬ ಭಯವಿದ್ದರೆ ನಮ್ಮ ಪಂಚಾಂಗವೇ ನೆನಪು ಮಾಡಿಕೊಡುವುದು. ಯುಗಾದಿಗೂ ದಸರೆಗೂ ನಡುವೆ ಹೆಚ್ಚು ಕಡಮೆ ಆರು ತಿಂಗಳು. ಯುಗಾದಿ ಕಳೆದ ವಾರದಲ್ಲಿ ಒಮ್ಮೆ, ವಿಜಯದಶಮಿ ಕಳೆದ ವಾರದಲ್ಲಿ ಒಮ್ಮೆ, ಮನೆಯಲ್ಲಿ ಯಾರಿಗೆ ಈ ಪರೀಕ್ಷೆ ಬೇಕೋ ಅವರನ್ನು ಮನೆಯವರೇ ಜೊತೆಯಲ್ಲಿ ಕರೆದುಕೊಂಡು ಹೋಗಲಿ.